ಹೆಸರಿನ ಕಾಲಂ

1998ರ ಜೂನ್‌ನಲ್ಲಿ ಪಿಯು ಕಾಲೇಜಿಗೆ ಅರ್ಜಿ ಕೊಡಲು ನನ್ನ ಜೊತೆ ಬಂದವರು ದೊಡ್ಡಪ್ಪ. ಎಚ್‌ಇಪಿಎಸ್, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ತಗೋತೀನಿ ಅಂದಾಗ, "ಸಮಾಜ ಪಾಠ ಹತ್ತನೇ ಕ್ಲಾಸಿಗೇ ಮುಗೀಲಿಲ್ವೇನವ್ವ?" ಎಂದು ಕೇಳಿದರು. ನನಗೂ ಉತ್ತರ ಗೊತ್ತಿರಲಿಲ್ಲ.

ಮೊದಲ ವರ್ಷ ಕಂಠಪಾಠದಲ್ಲೇ ಕಳೆಯಿತು. ಸಮಾಜಶಾಸ್ತ್ರದ ಪಿತಾಮಹ ಆಗಸ್ಟ್ ಕಾಂಟ್, ಒಂದು ಅಂಕ. ನಿಜವಾದ ಓದು ಶುರುವಾದದ್ದು ಎರಡನೇ ವರ್ಷ, ಸಮಾಜಶಾಸ್ತ್ರದ ಮೇಡಂ "ಪ್ರಬಲ ಜಾತಿ" ಪಾಠ ಮಾಡಿದ ದಿನ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಗುರುತಿಸಿದ ಅದರ ಲಕ್ಷಣಗಳನ್ನು ಬೋರ್ಡಿನ ಮೇಲೆ ಬರೆದರು: ಊರಲ್ಲಿ ಜನಬಲ, ಹೆಚ್ಚಿನ ಜಮೀನು, ರಾಜಕೀಯದ ಹಿಡಿತ, ಜಾತಿಯ ಏಣಿಯಲ್ಲಿ ತೀರ ಕೆಳಗಲ್ಲದ ಜಾಗ, ಜೊತೆಗೆ ಓದು, ನೌಕರಿ. ಉದಾಹರಣೆಗೆ ಹಳೇ ಮೈಸೂರಿನ ಒಕ್ಕಲಿಗರು.

ಬರೆದುಕೊಳ್ಳುತ್ತಿದ್ದ ಕೈ ನಿಂತಿತು. ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಗದ್ದೆ, ಪಂಚಾಯ್ತಿ ಮೆಂಬರ್ ಆಗಿದ್ದ ದೊಡ್ಡಪ್ಪ, ಮೈಸೂರಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ. ಬೋರ್ಡಿನ ಮೇಲಿದ್ದದ್ದು ನಮ್ಮ ಮನೆ. ಜಾತಿ ಅನ್ನುವುದು ಬೇರೆಯವರಿಗೆ ಇರುವಂಥದ್ದು ಎಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ. ನಮ್ಮ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಆಳುಗಳ ಲೋಟ ಬೇರೆಯಾಗಿ ಇರುತ್ತಿತ್ತು. ಚಿಕ್ಕಂದಿನಿಂದ ನೋಡಿದ್ದೆ, ಅದಕ್ಕೂ ಜಾತಿಗೂ ಸಂಬಂಧ ಹಚ್ಚಿರಲಿಲ್ಲ.

ದಸರಾ ರಜೆಗೆ ಮೇಡಂ ಒಂದು ನಮೂನೆ ಮಾಡಿಕೊಟ್ಟರು. ಪರೀಕ್ಷೆಗೆ ಅದರ ಅಂಕವಿರಲಿಲ್ಲ, ಆದರೂ ಮಾಡಿಸಿದರು. ಮನೆಯವರ ಹೆಸರು, ವಯಸ್ಸು, ಓದು, ಕಸುಬು, ಜಮೀನು, ಹೆಣ್ಣುಮಕ್ಕಳನ್ನು ಕೊಟ್ಟ ಊರು. ಹತ್ತು ಮನೆ. ಷರತ್ತು ಒಂದೇ: ನೀವು ಯಾವತ್ತೂ ಹೋಗದ ಬೀದಿಗೆ ಹೋಗಬೇಕು.

ಹದಿನೇಳು ವರ್ಷ ಅದೇ ಊರಲ್ಲಿ ಬೆಳೆದವಳು ನಾನು ಕೇರಿಗೆ ಕಾಲಿಟ್ಟದ್ದು ಆ ದಿನವೇ. ಮೊದಲ ಮನೆ ನಮ್ಮ ಗದ್ದೆಗೆ ನಾಟಿಗೆ, ಕಳೆಗೆ, ಕುಯ್ಲಿಗೆ ಬರುತ್ತಿದ್ದವರದು. ನಾನು ಹುಟ್ಟುವ ಮೊದಲಿನಿಂದ ಬರುತ್ತಿದ್ದರು. ನನ್ನನ್ನು ಕಂಡವರೇ ಗಾಬರಿಯಿಂದ ಎದ್ದು ನಿಂತು, "ಇಲ್ಗಂಟ ಯಾಕ್ ಬಂದ್ರಿ ಅವ್ವಾ, ಹೇಳ್ಕಳ್ಸಿದ್ರೆ ನಾನೇ ಬತ್ತಿದ್ನಲ್ಲ" ಅಂದರು. ಜಗಲಿಯ ಮೇಲೆ ಕೂತು ಪೆನ್ನು ತೆಗೆದೆ. ಮೊದಲ ಕಾಲಂ, ಹೆಸರು. ಅವರ ಹೆಸರು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅವರನ್ನು ಮಗನ ಹೆಸರು ಹಿಡಿದು "ಅವನವ್ವ" ಅನ್ನುತ್ತಿದ್ದರು, ಅಷ್ಟೇ. ಕೇಳಿದೆ. ಅವರು ನಕ್ಕು, ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿದರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲೇ ಎಂದು ಅವರನ್ನು ನಾನು ಕೇಳಿಲ್ಲ.

ಅದೇ ವರ್ಷ ನವೆಂಬರ್ 30ರಂದು ಶ್ರೀನಿವಾಸ್ ಬೆಂಗಳೂರಿನಲ್ಲಿ ತೀರಿಕೊಂಡರು. ಮೇಡಂ ಪತ್ರಿಕೆ ಹಿಡಿದೇ ಕ್ಲಾಸಿಗೆ ಬಂದರು, ಆವತ್ತು ಪೋರ್ಷನ್ ಮುಂದೆ ಹೋಗಲಿಲ್ಲ. 1948ರಲ್ಲಿ ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಇದ್ದು, ಅದಕ್ಕೆ ರಾಂಪುರ ಎಂದು ಹೆಸರಿಟ್ಟು ಬರೆದದ್ದು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು, ಅಲ್ಲಿನ ಬಗ್ಗೆ ಸಿದ್ಧಮಾಡಿಟ್ಟುಕೊಂಡಿದ್ದ ಟಿಪ್ಪಣಿಗಳ ಪ್ರತಿಗಳು ಸುಟ್ಟುಹೋದದ್ದು. ಆಮೇಲೆ ಹೆಚ್ಚಾಗಿ ನೆನಪಿನಿಂದಲೇ ಪುಸ್ತಕ ಬರೆದದ್ದು. ಎಲ್ಲವನ್ನೂ ಅವತ್ತೇ ಕೇಳಿದ್ದು. ನನಗೆ ನಾಟಿದ್ದು ಇನ್ನೊಂದು ಮಾತು. ಬ್ರಾಹ್ಮಣರಾದ ಅವರು ಗೌಡರ ಅತಿಥಿಯಾಗಿ ಉಳಿದಿದ್ದರಿಂದ ಊರನ್ನು ಮೇಲಿನವರ ಕಡೆಯಿಂದಲೇ ಹೆಚ್ಚು ನೋಡುವಂತಾಯಿತು ಎಂದು ಅವರೇ ಒಪ್ಪಿಕೊಂಡಿದ್ದರಂತೆ. ಅಷ್ಟು ದೊಡ್ಡ ವಿದ್ವಾಂಸರಿಗೂ ದಾಟಲು ಕಷ್ಟವಾದ ದಾರಿಗೆ ಮೇಡಂ ನಮ್ಮನ್ನು ರಜೆಯಲ್ಲಿ ಕಳಿಸಿದ್ದರು! ಅವರ ಮೇಲಿನ ನನ್ನ ಗೌರವ ಇವತ್ತಿಗೂ ಆ ನಮೂನೆಯ ಹಾಳೆಗೇ ಅಂಟಿಕೊಂಡಿದೆ.

ಲೋಟದ ವಿಚಾರಕ್ಕೆ ಅಜ್ಜಿಯೊಡನೆ ಜಗಳವಾಡಿದೆ, ಗೆಲ್ಲಲಿಲ್ಲ. ಮುಂದೆ ಕೊಟ್ಟಿಗೆ ಕೆಡವಿ ಮನೆ ಕಟ್ಟಿಸಿದಾಗ ಗೂಡಿನ ಜೊತೆ ಅದೂ ಹೋಯಿತು. ನಮ್ಮ ಮನಸ್ಸು ಬದಲಾಗಿ ಹೋದದ್ದಲ್ಲ, ಅದನ್ನು ಹೇಳಲೇಬೇಕು.

ನಾನು ಶಿಕ್ಷಕಿಯಾದೆ. 2011ರ ಫೆಬ್ರವರಿಯಲ್ಲಿ ಜನಗಣತಿಗೆ ನನಗೆ ಬಂದದ್ದು ನಮ್ಮೂರಿನ ಬ್ಲಾಕೇ. ಕೇರಿಯ ಆ ಮನೆಯ ಜಗಲಿಯ ಮೇಲೆ ಕೂತು, ನೀರು ಕೇಳಿ ಕುಡಿದು, ಫಾರಂ ಬಿಚ್ಚಿದೆ. ಹೆಸರು ಕೇಳಬೇಕಾಗಿ ಬರಲಿಲ್ಲ. ಬರೆದುಕೊಂಡು, ವಯಸ್ಸೆಷ್ಟಮ್ಮಾ ಎಂದು ಕೇಳಿದೆ.