ಮುಚ್ಚಿಗೆಯ ಮನೆಯಲ್ಲಿ ರೇಡಿಯೊ ಟ್ರಿಗರ್

ಫ್ಲ್ಯಾಶನ್ನು ಚಾವಣಿಗೆ ತಿರುಗಿಸಿ ಹೊಡೆಯಿರಿ, ಬೆಳಕು ಮೃದುವಾಗುತ್ತದೆ ಎಂದು ಹೇಳಿಕೊಡುವವರೆಲ್ಲ ಬಿಳಿ ಬಣ್ಣ ಬಳಿದ ಕಾಂಕ್ರೀಟಿನ ಅಡಿಯಲ್ಲಿ ನಿಂತು ಮಾತನಾಡುವವರು. ನಮ್ಮ ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆಯ ಹಳೆಯ ಮನೆಗಳಲ್ಲಿ ತಲೆಯ ಮೇಲೆ ಇರುವುದು ಮರದ ಹಲಗೆಯ ಮುಚ್ಚಿಗೆ. ತಲೆಮಾರುಗಳ ಕಾಲ ಹೊಗೆ ಕುಡಿದು ಕಪ್ಪಾದ ಆ ಹಲಗೆಗೆ ಎಷ್ಟು ಬೆಳಕು ಎರಚಿದರೂ ಅದು ನುಂಗಿ ಸುಮ್ಮನಿರುತ್ತದೆ. ಅಂಗಳಕ್ಕೆ ಬಂದರೆ ಚಪ್ಪರ. ಸೋಗೆಯ ಚಪ್ಪರ ಈಗ ಅಪರೂಪವಾಗಿದೆ. ಮೇಲೆ ತಗಡು ಅಥವಾ ನೀಲಿ ಟಾರ್ಪಾಲು, ಅದರ ಕೆಳಗೆ ಹಳದಿಯೋ ಗುಲಾಬಿಯೋ ಬಟ್ಟೆ. ಬಟ್ಟೆಗೆ ತಾಗಿ ಕೆಳಗಿಳಿಯುವ ಬೆಳಕು ಬಟ್ಟೆಯ ಬಣ್ಣವನ್ನೂ ಹೊತ್ತು ತರುತ್ತದೆ. ಹಳದಿ ಬಟ್ಟೆಯ ಕೆಳಗೆ ಮದುಮಗಳಿಗೆ ಕಾಮಾಲೆ ಬಂದಂತಿರುತ್ತದೆ, ನೀಲಿ ಟಾರ್ಪಾಲಿನ ಕೆಳಗೆ ಮದುಮಗನ ಅಜ್ಜನ ಬಗ್ಗೆ ಆತಂಕವಾಗುತ್ತದೆ.

ಹಾಗೆಂದು ನೇರವಾಗಿ ಮುಖಕ್ಕೇ ಹೊಡೆದರೆ ಮೂಗು ಚಪ್ಪಟೆ, ಹಣೆಯಲ್ಲಿ ಬೆವರಿನ ಹೊಳಪು, ಹಿಂದಿನ ಗೋಡೆಯಲ್ಲಿ ಕರಿ ನೆರಳು. ಎಂಬತ್ತರ ದಶಕದ ಮದುವೆ ಆಲ್ಬಮ್‌ಗಳಲ್ಲಿ ಎಲ್ಲರೂ ಪೊಲೀಸರು ಹಿಡಿದು ತಂದವರಂತೆ ಕಾಣುವುದು ಇದೇ ಕಾರಣಕ್ಕೆ.

ಆದ್ದರಿಂದ ನಮ್ಮ ಊರಿನಲ್ಲಿ ಫ್ಲ್ಯಾಶ್ ಕ್ಯಾಮೆರಾದ ನೆತ್ತಿಯಿಂದ ಇಳಿಯಲೇಬೇಕು. ಇದು ಶೋಕಿಯಲ್ಲ, ಮನೆಗಳ ಕಟ್ಟೋಣವೇ ಹಾಗಿದೆ. ಇಳಿದ ಫ್ಲ್ಯಾಶಿಗೆ ‘ಈಗ’ ಎಂದು ಹೇಳುವವರು ಯಾರು ಎಂಬುದಷ್ಟೇ ಪ್ರಶ್ನೆ.

ಮೊದಲು ಕೇಬಲ್ ಇತ್ತು. ಮಕ್ಕಳು ಓಡಾಡುವ ಚಪ್ಪರದಲ್ಲಿ ಕೇಬಲ್ ಎಳೆದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಬಂದದ್ದು ಬೆಳಕನ್ನು ಕಂಡು ಬೆಳಗುವ ಆಪ್ಟಿಕಲ್ ಸ್ಲೇವ್. ಸ್ಟುಡಿಯೊದ ನಾಲ್ಕು ಗೋಡೆಗಳ ನಡುವೆ ಅದು ಅಪ್ಪಟ ಚಿನ್ನ. ಮದುವೆಯಲ್ಲಿ ಮಾತ್ರ ಅದಕ್ಕೆ ಯಜಮಾನನ ಗುರುತೇ ಇರುವುದಿಲ್ಲ. ಅತ್ತಿಗೆಯ ತಮ್ಮ ತಂದ ಪುಟ್ಟ ಕ್ಯಾಮೆರಾ ಮಿಂಚಿದರೂ ತಾನೂ ಮಿಂಚಿ ಬಿಡುತ್ತದೆ. ಡಿಜಿಟಲ್ ಕ್ಯಾಮೆರಾಗಳು ಚಿತ್ರಕ್ಕಿಂತ ಮೊದಲು ಅಳತೆಗೆಂದು ಒಂದು ಪೂರ್ವಮಿಂಚು ಬಿಡುತ್ತವೆ, ಸಾದಾ ಸ್ಲೇವ್ ಅದಕ್ಕೇ ಉರಿದು, ನಿಜವಾದ ಕ್ಷಣಕ್ಕೆ ಬರಿಗೈಯಲ್ಲಿ ನಿಂತಿರುತ್ತದೆ. ಪೂರ್ವಮಿಂಚನ್ನು ಲೆಕ್ಕಕ್ಕೆ ಹಿಡಿಯದ ಎಸ್2 ಎಂಬ ಗುಂಡಿ ಹಲವು ಫ್ಲ್ಯಾಶ್‌ಗಳಲ್ಲಿ ಇರುವುದು ಇದೇ ಕಾರಣಕ್ಕೆ. ಅವಕೆಂಪು ಕಿರಣದ ವ್ಯವಸ್ಥೆಗಳು ಇನ್ನಷ್ಟು ಜಾಣ, ಆದರೆ ಟ್ರಾನ್ಸ್‌ಮಿಟರಿಗೂ ಫ್ಲ್ಯಾಶಿಗೂ ನಡುವೆ ದೃಷ್ಟಿ ಕೂಡಬೇಕು. ಹೊರಗೆ ಬಿಸಿಲಿನಲ್ಲಿ ಅವು ತಡಬಡಾಯಿಸುತ್ತವೆ.

ರೇಡಿಯೊ ಟ್ರಿಗರ್ ಎಂದರೆ ಕ್ಯಾಮೆರಾದ ಮೇಲೊಂದು ಟ್ರಾನ್ಸ್‌ಮಿಟರ್, ಫ್ಲ್ಯಾಶಿನ ಕಡೆ ಒಂದು ರಿಸೀವರ್. ರೇಡಿಯೊಗೆ ದೃಷ್ಟಿಯ ಹಂಗಿಲ್ಲ. ಕಂಬದ ಹಿಂದೆ, ಬಾಗಿಲ ಆಚೆ, ಉಪ್ಪರಿಗೆಯ ಮೇಲೆ, ಎಲ್ಲಿಟ್ಟರೂ ಸಾಮಾನ್ಯವಾಗಿ ಸಂದೇಶ ತಲುಪುತ್ತದೆ. ನಾನು ಮೊದಲು ಕೊಂಡ ಚೀನಾದ ಅಗ್ಗದ ಟ್ರಿಗರ್ 433 ಮೆಗಾಹರ್ಟ್ಸಿನದು. ಒಳಗೆ ಗೇಟಿನ ರಿಮೋಟಿನಲ್ಲಿ ಇರುವಂಥ 12 ವೋಲ್ಟಿನ ಚಿಕ್ಕ ಬ್ಯಾಟರಿ, ಹೊರಗೆ ನಾಲ್ಕು ಚಾನೆಲಿನ ಸ್ವಿಚ್. ಈಗ ಬಳಕೆಯಲ್ಲಿರುವುದು ಹೆಚ್ಚಾಗಿ 2.4 ಗಿಗಾಹರ್ಟ್ಸ್. ಭಾರತದಲ್ಲಿ ಈ ತರಂಗಪಟ್ಟಿಗೆ 2005ರಿಂದ ಪರವಾನಗಿ ಬೇಕಾಗಿಲ್ಲ. ಕ್ಯಾನನ್ 2012ರಲ್ಲಿ 600ಇಎಕ್ಸ್-ಆರ್‌ಟಿ ಫ್ಲ್ಯಾಶಿನ ಹೊಟ್ಟೆಯೊಳಗೇ ರೇಡಿಯೊ ಇಟ್ಟಿತು, ನಿಕಾನ್ ಎಸ್‌ಬಿ-5000 ಬರುವಾಗ 2016 ಆಗಿತ್ತು. ಅವುಗಳ ಬೆಲೆ ನೋಡಿ ಕೈಮುಗಿದು ನಾನು ಚೀನಾದ ಗೊಡಾಕ್ಸ್ ಕಂಪನಿಯ ಕಡೆಗೆ ಹೋದೆ. ಒಂದೇ ಟ್ರಾನ್ಸ್‌ಮಿಟರ್, ಎ ಬಿ ಸಿ ಎಂದು ಗುಂಪುಗಳು, ಪ್ರತಿ ಗುಂಪಿನ ಬೆಳಕನ್ನು ಕ್ಯಾಮೆರಾದ ಮೇಲಿಂದಲೇ ಏರಿಸಬಹುದು, ಇಳಿಸಬಹುದು. ಸ್ಟ್ಯಾಂಡಿನ ತನಕ ನಡೆದು ಹೋಗಿ ಗುಂಡಿ ಒತ್ತುವ ಕಾಲ ಮುಗಿದದ್ದೇ ನನ್ನ ಮಂಡಿಗೆ ದೊಡ್ಡ ಉಪಕಾರ.

ಇನ್ನು ಟಿಟಿಎಲ್. ಲೆನ್ಸಿನ ಮೂಲಕ ಬಂದ ಬೆಳಕನ್ನು ಕ್ಯಾಮೆರಾವೇ ಅಳೆದು ಫ್ಲ್ಯಾಶಿನ ಬೆಳಕನ್ನು ನಿರ್ಧರಿಸುವ ಈ ಏರ್ಪಾಟನ್ನು ಹೊಸ ಹುಡುಗರು ಬಹಳ ನಂಬುತ್ತಾರೆ. ನನ್ನ ಅಕ್ಕನ ಮಗನೂ ಅವರಲ್ಲೊಬ್ಬ, ಲೈಟು ಹಿಡಿಯಲು ನನ್ನೊಡನೆ ಬರುತ್ತಾನೆ. “ಮಾವ, ಟಿಟಿಎಲ್‌ಗೆ ಹಾಕಲೇ?” ಎಂದು ಪ್ರತಿ ಮದುವೆಯಲ್ಲೂ ಕೇಳುತ್ತಾನೆ. ಬೇಡ ಎನ್ನುತ್ತೇನೆ. ಕಾರಣ ನಮ್ಮ ಮದುವೆಗಳಲ್ಲೇ ಇದೆ. ಮಂಟಪದ ಸುತ್ತ ಬಿಳಿ ಮುಂಡು, ಬಿಳಿ ಶಾಲು ಹೊದ್ದವರು ಸಾಲಾಗಿ ನಿಂತರೆ ಮೀಟರು ಬಿಳುಪಿಗೆ ಹೆದರಿ ಬೆಳಕು ಕಡಿಮೆ ಮಾಡುತ್ತದೆ, ಎಲ್ಲರ ಮುಖವೂ ಮಸಿ. ಅದೇ ಜನ ಜಗಲಿಗೆ ಬಂದು ಕಪ್ಪು ಮುಚ್ಚಿಗೆಯ ಕೆಳಗೆ ನಿಂತರೆ ಕತ್ತಲು ತುಂಬಿದೆಯೆಂದು ಭ್ರಮಿಸಿ ಬೆಳಕು ಸುರಿಯುತ್ತದೆ, ಎಲ್ಲರ ಮುಖವೂ ಸುಣ್ಣ. ಒಂದೇ ಕುಟುಂಬಕ್ಕೆ ಹದಿನೈದು ನಿಮಿಷದಲ್ಲಿ ಎರಡು ಮೈಬಣ್ಣ.

ಮಂಟಪದಲ್ಲಿ ಕುಳಿತ ವಧೂವರರು ಗಂಟೆಗಟ್ಟಲೆ ಅಲ್ಲಾಡುವುದಿಲ್ಲ. ಲೈಟ್ ಸ್ಟ್ಯಾಂಡೂ ಅಲ್ಲಾಡುವುದಿಲ್ಲ. ಇವೆರಡರ ನಡುವಿನ ದೂರ ಬದಲಾಗದಿದ್ದರೆ ಮುಖದ ಮೇಲಿನ ಬೆಳಕೂ ಬದಲಾಗದು. ನಾನು ಹತ್ತಿರ ಹೋಗಿ ಮೂಗುತಿಯ ಚಿತ್ರ ತೆಗೆಯಲಿ, ಚಪ್ಪರದ ತುದಿಯಿಂದ ಇಡೀ ಸಭೆಯ ಚಿತ್ರ ತೆಗೆಯಲಿ, ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಅದೇ ಇದ್ದರೆ ಸಾಕು. ಕ್ಯಾಮೆರಾದ ತಲೆಯ ಮೇಲಿನ ಫ್ಲ್ಯಾಶಿಗೆ ಈ ಭಾಗ್ಯವಿಲ್ಲ. ನಾನು ಎರಡು ಹೆಜ್ಜೆ ಹಿಂದೆ ಸರಿದರೆ ಅದೂ ಸರಿಯುತ್ತದೆ. ಬೆಳಕು ದೂರದ ವರ್ಗಕ್ಕೆ ಸರಿಯಾಗಿ ಕುಗ್ಗುವುದರಿಂದ ಎರಡು ಮೀಟರಿನಲ್ಲಿದ್ದದ್ದು ನಾಲ್ಕಕ್ಕೆ ಹೋದಾಗ ಉಳಿಯುವುದು ಕಾಲುಭಾಗ. ಫ್ಲ್ಯಾಶನ್ನು ಇಳಿಸಿದ್ದರಿಂದ ನನಗೆ ಸಿಕ್ಕ ನಿಜವಾದ ಲಾಭ ಮೃದು ಬೆಳಕಲ್ಲ, ತಿರುಗಾಡುವ ಸ್ವಾತಂತ್ರ್ಯ. ಒಮ್ಮೆ ಅಳೆದು ಮ್ಯಾನುಯಲ್‌ನಲ್ಲಿ ಪೂರ್ತಿ ಶಕ್ತಿಯ ಎಂಟನೇ ಒಂದು ಪಾಲಿಗೆ ಇಟ್ಟರೆ ಧಾರೆ ಮುಗಿಯುವ ತನಕ ಅದರ ಕಡೆ ತಿರುಗಿ ನೋಡುವುದಿಲ್ಲ. ಪೂರ್ತಿ ಶಕ್ತಿಯಲ್ಲಿ ಹೊಡೆದರೆ ಮತ್ತೆ ತುಂಬಿಕೊಳ್ಳಲು ಅದಕ್ಕೆ ಎರಡು ಮೂರು ಸೆಕೆಂಡು ಬೇಕು, ಅಂತರಪಟ ಸರಿಯುವುದು ಅಷ್ಟು ಕಾಯುವುದಿಲ್ಲ. ದಿಬ್ಬಣ ನಡೆದು ಬರುವಾಗಲೂ ಅಳಿಯ ಲೈಟನ್ನು ಕೋಲಿಗೆ ಸಿಕ್ಕಿಸಿ ಮದುಮಗನಿಂದ ಒಂದೇ ದೂರದಲ್ಲಿ ಹಿಮ್ಮುಖವಾಗಿ ನಡೆಯುತ್ತಾನೆ. ಅವನು ಅಡಿಕೆ ಸಸಿಯ ಗುಂಡಿಗೆ ಬೀಳದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಎರಡನೆಯ ಫ್ಲ್ಯಾಶಿನ ಜಾಗ ಹೋಮಕುಂಡದ ಹಿಂದೆ, ಕಂಬಕ್ಕೆ ಮರೆಯಾಗಿ, ಕ್ಯಾಮೆರಾಕ್ಕೆ ಎದುರು ಮುಖ ಮಾಡಿ. ಹೊಗೆಗೆ ಮುಂದಿನಿಂದ ಬೆಳಕು ಬಿದ್ದರೆ ಅದು ಬರೀ ಮಂಜು, ಹಿಂದಿನಿಂದ ಬಿದ್ದರೆ ಒಂದೊಂದು ಸುರುಳಿಯೂ ಎದ್ದು ಕಾಣುತ್ತದೆ. ಶಟರ್ ವೇಗವನ್ನು 1/60 ಸೆಕೆಂಡಿಗೆ ಇಳಿಸಿದರೆ ದೀಪದ, ಕೆಂಡದ ಬೆಳಕೂ ಒಳಗೆ ಬರುತ್ತದೆ; ಫ್ಲ್ಯಾಶಿನ ಪಾಲಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ, ಅದರ ಮಿಂಚು ಶಟರಿಗಿಂತ ಎಷ್ಟೋ ಮೊದಲೇ ಮುಗಿದಿರುತ್ತದೆ. ಮೇಲಿನ ಮಿತಿ ಮಾತ್ರ ಗಟ್ಟಿ. ಶಟರಿನ ಎರಡು ಪರದೆಗಳು ಪೂರ್ತಿ ತೆರೆದಿರುವ ಕ್ಷಣ ಸಾಮಾನ್ಯವಾಗಿ 1/200 ಅಥವಾ 1/250ರ ವರೆಗೆ ಮಾತ್ರ ಸಿಗುತ್ತದೆ. ಅಗ್ಗದ ಟ್ರಿಗರ್ ಸಂದೇಶ ಸಾಗಿಸುವುದರಲ್ಲಿ ಚೂರು ತಡಮಾಡುತ್ತದೆ, ಅಷ್ಟರಲ್ಲಿ ಎರಡನೆಯ ಪರದೆ ಹೊರಟು ಚಿತ್ರದ ಅಂಚಿನಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ನಾನು 1/160 ದಾಟುವುದಿಲ್ಲ. ದಾಟಲೇಬೇಕಾದವರಿಗೆ ಹೈ ಸ್ಪೀಡ್ ಸಿಂಕ್ ಇದೆ. ಒಲಿಂಪಸ್ 1986ರಲ್ಲೇ ಎಫ್280 ಫ್ಲ್ಯಾಶಿನಲ್ಲಿ ತಂದದ್ದು. ಅದು ಒಂದೇ ಮಿಂಚಿನ ಬದಲು ಸಾಲು ಮಿಂಚುಗಳನ್ನು ಬಿಡುವುದರಿಂದ ಬೆಳಕಿನ ಬಲ ಬಹಳ ಕುಗ್ಗುತ್ತದೆ. ಮಧ್ಯಾಹ್ನ ಬೇಕಲ ಕೋಟೆಯ ಬತ್ತೇರಿಯ ಮೇಲೆ ಜೋಡಿಯನ್ನು ನಿಲ್ಲಿಸಿ ಸಮುದ್ರವನ್ನು ಮಸುಕು ಮಾಡಬೇಕೆನ್ನುವವರು ಅದನ್ನು ಬಳಸಲಿ. ನಾನಾದರೆ ಸಂಜೆ ಐದರ ನಂತರ ಬನ್ನಿ ಎನ್ನುತ್ತೇನೆ.

ಈಗ ಸಭಾಭವನದ ಕಥೆ. ವಧುವಿನ ಕಡೆಗೆ ನಾನು, ವರನ ಕಡೆಗೆ ಪಯ್ಯನ್ನೂರಿನಿಂದ ಬಂದ ತಂಡ. ನಾನು ಕ್ಯಾಮೆರಾ ಎತ್ತದೆಯೇ ನನ್ನ ಲೈಟು ಮಿಂಚುತ್ತಿತ್ತು, ನಾನು ಒತ್ತಿದರೆ ಅವರ ಸಾಫ್ಟ್‌ಬಾಕ್ಸ್ ಬೆಳಗುತ್ತಿತ್ತು. ಅವರಲ್ಲೊಬ್ಬ ಹುಡುಗ ಓಡಿ ಬಂದು “ಚೇಟ್ಟಾ, ನಿಮ್ಮದು ಯಾವ ಚಾನೆಲ್?” ಎಂದು ಮಲಯಾಳದಲ್ಲಿ ಕೇಳಿದ. ಒಂದು ಎಂದೆ. ಅವರದೂ ಒಂದು, ಗುಂಪೂ ಎ. ಪೆಟ್ಟಿಗೆಯಿಂದ ತೆಗೆದಾಗ ಹೇಗಿತ್ತೋ ಹಾಗೆಯೇ ಎಲ್ಲರೂ ಬಳಸುವುದು ಲೋಕರೂಢಿ. ಅವನು ಏಳಕ್ಕೆ ಹೋದ, ನಾನು ಹದಿನೆಂಟಕ್ಕೆ ಹೋದೆ, ಜೊತೆಗೆ ವೈರ್‌ಲೆಸ್ ಐಡಿ ಎಂಬ ಇನ್ನೊಂದು ಸಂಖ್ಯೆಯನ್ನೂ ಹಾಕಿಕೊಂಡೆವು. ಆ ಐಡಿ ಇದ್ದರೆ ಚಾನೆಲ್ ಒಂದೇ ಆದರೂ ಪರಸ್ಪರರ ಲೈಟು ಕದಿಯುವಂತಿಲ್ಲ. ಸಭಾಭವನದಲ್ಲಿ ಇದೇ ತರಂಗಪಟ್ಟಿಯಲ್ಲಿ ವೈಫೈ ಇರುತ್ತದೆ, ನೇರಪ್ರಸಾರದವರ ವೈರ್‌ಲೆಸ್ ಮೈಕುಗಳಿರುತ್ತವೆ, ಕೆಲವೊಮ್ಮೆ ಹೊರಗೆ ಡ್ರೋನು ಹಾರುತ್ತಿರುತ್ತದೆ. ಚಾನೆಲ್ ಹುಡುಕುವ ಸ್ಕ್ಯಾನ್ ಸೌಲಭ್ಯ ಟ್ರಿಗರಿನಲ್ಲಿದ್ದರೆ ಜನ ತುಂಬಿದ ಮೇಲೆ ಒಮ್ಮೆ ಓಡಿಸಿ; ಖಾಲಿ ಸಭಾಭವನದಲ್ಲಿ ಬೆಳಗ್ಗೆ ಏಳಕ್ಕೆ ಸಿಕ್ಕ ಫಲಿತಾಂಶ ಹನ್ನೊಂದಕ್ಕೆ ನಿಲ್ಲುವುದಿಲ್ಲ.

ಜನ ತುಂಬಿದ ಮೇಲೆ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಈ ತರಂಗಗಳ ಉದ್ದ ಸುಮಾರು ಹನ್ನೆರಡು ಸೆಂಟಿಮೀಟರ್, ನೀರು ಇವನ್ನು ಹೀರಿಕೊಳ್ಳುತ್ತದೆ. ಮನುಷ್ಯ ಬಹುಪಾಲು ನೀರೇ. ಸ್ಟ್ಯಾಂಡಿನ ಮುಂದೆ ನಾಲ್ವರು ಗಟ್ಟಿಮುಟ್ಟಾದ ಮಾವಂದಿರು ನಿಂತರೆ ಬೆಳಕು ತಡೆಯುವುದು ಕಣ್ಣಿಗೆ ಕಾಣುತ್ತದೆ, ರೇಡಿಯೊ ತಡೆಯುವುದು ಕಾಣುವುದಿಲ್ಲ. ಮಳೆಗಾಲದ ಅಡಿಕೆ ತೋಟ ಇದಕ್ಕಿಂತ ಕಷ್ಟ. ಒಣ ಮೈದಾನದಲ್ಲಿ ನೂರು ಮೀಟರು ಎಂದು ಪೆಟ್ಟಿಗೆಯ ಮೇಲೆ ಬರೆದದ್ದು, ಜುಲೈಯಲ್ಲಿ ಒದ್ದೆ ಕಾಂಡಗಳ, ನೀರು ತೊಟ್ಟಿಕ್ಕುವ ಸೋಗೆಗಳ ನಡುವೆ ಎಷ್ಟೋ ಕುಗ್ಗುತ್ತದೆ. ಫ್ಲ್ಯಾಶನ್ನು ನೀರು ಹರಿಯುವ ಕಣಿಯ ಬದಿಯಲ್ಲಿ ನೆಲಕ್ಕೆ ಇಟ್ಟರೆ ಮತ್ತೂ ಕೆಡುತ್ತದೆ. ಎದೆಮಟ್ಟಕ್ಕೆ ಎತ್ತಿ ಕಟ್ಟಿದರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ. ವಿಚಿತ್ರವೆಂದರೆ ತೀರಾ ಹತ್ತಿರವೂ ಆಗದು: ಫ್ಲ್ಯಾಶನ್ನು ಎಡಗೈಯಲ್ಲಿ ಹಿಡಿದು ಹೂವಿನ ಚಿತ್ರ ತೆಗೆಯುವಾಗ ಕೆಲವು ಟ್ರಿಗರ್‌ಗಳು ಕಿವುಡಾಗುತ್ತವೆ. ಅದಕ್ಕೆಂದೇ ಮೆನುವಿನಲ್ಲಿ 0ದಿಂದ 30 ಮೀಟರ್ ಎಂಬ ಆಯ್ಕೆ ಇರುತ್ತದೆ.

ಆದರೂ ಮಳೆಯ ಚಿತ್ರಕ್ಕೆ ರೇಡಿಯೊದಂಥ ಗೆಳೆಯ ಬೇರೆ ಇಲ್ಲ. ನಾನು ಜಗಲಿಯಲ್ಲಿ ಒಣಗಿಕೊಂಡು ಕುಳಿತಿರುತ್ತೇನೆ, ಫ್ಲ್ಯಾಶ್ ಅಂಗಳದ ಆಚೆ, ಕೊಟ್ಟಿಗೆಯ ಮಾಡಿನ ಕೆಳಗೆ ಪ್ಲಾಸ್ಟಿಕ್ ಚೀಲ ಹೊದ್ದು ನನ್ನ ಕಡೆಗೇ ನೋಡುತ್ತಿರುತ್ತದೆ. ಶಕ್ತಿ ಕನಿಷ್ಠದ ಹತ್ತಿರ ಇಟ್ಟರೆ ಮಿಂಚಿನ ಅವಧಿ ಸೆಕೆಂಡಿನ ಸಾವಿರಾರು ಭಾಗಗಳಲ್ಲಿ ಒಂದಕ್ಕೆ ಇಳಿದು ಪ್ರತಿ ಹನಿಯೂ ಗಾಳಿಯಲ್ಲಿ ನಿಲ್ಲುತ್ತದೆ. ಇದೇ ಬೆಳಕನ್ನು ಕ್ಯಾಮೆರಾದ ಮೇಲಿಂದ ಬಿಟ್ಟರೆ ಲೆನ್ಸಿನ ಹತ್ತಿರದ ನಾಲ್ಕು ಹನಿಗಳು ಬಿಳಿ ಉಂಡೆಗಳಾಗಿ ಮನೆಯನ್ನೇ ಮುಚ್ಚಿಬಿಡುತ್ತವೆ.

ಟ್ರಿಗರ್ ಕೊಳ್ಳಲು ಹೊರಟ ಹುಡುಗರಿಗೆ ಎರಡು ಮಾತು. ಕ್ಯಾಮೆರಾದ ಹಾಟ್ ಶೂ, ಅಂದರೆ ನೆತ್ತಿಯಲ್ಲಿ ಫ್ಲ್ಯಾಶ್ ಸಿಕ್ಕಿಸುವ ಜಾಗ, ನೋಡಿಕೊಳ್ಳಿ. 2019ರಲ್ಲಿ ಬಂದ ಕ್ಯಾನನ್ 200ಡಿ ಎರಡನೆಯ ಆವೃತ್ತಿಯಲ್ಲಿ ನಡುವಿನ ದೊಡ್ಡ ಪಿನ್ ಇಲ್ಲ. ಆ ಒಂದೇ ಪಿನ್ನನ್ನು ನಂಬಿದ ಅಗ್ಗದ ಟ್ರಿಗರ್ ಅದರ ಮೇಲೆ ಕೆಲಸ ಮಾಡುವುದಿಲ್ಲ, ಕ್ಯಾನನ್‌ಗೆಂದೇ ಮಾಡಿದ ಬಹುಪಿನ್ನಿನದೇ ಬೇಕು. ಇನ್ನು, ಅಟ್ಟದಲ್ಲಿ ಸಿಕ್ಕ ಅಪ್ಪನ ಕಾಲದ ಫ್ಲ್ಯಾಶನ್ನು ನೇರವಾಗಿ ಹೊಸ ಕ್ಯಾಮೆರಾಕ್ಕೆ ಸಿಕ್ಕಿಸಬೇಡಿ. ವಿವಿಟಾರ್ 283ರ ಹಳೆಯ ಪ್ರತಿಗಳಲ್ಲಿ ಕ್ಯಾಮೆರಾಕ್ಕೆ ತಾಗುವ ಟ್ರಿಗರ್ ವೋಲ್ಟೇಜ್ 200 ವೋಲ್ಟನ್ನು ದಾಟುವುದುಂಟು. ರಿಸೀವರ್ ಅಷ್ಟನ್ನು ತಡೆಯುತ್ತದೆಯೇ ಎಂದು ನೋಡಿ ಅದಕ್ಕೆ ಸಿಕ್ಕಿಸಿದರೆ ಕ್ಯಾಮೆರಾಕ್ಕೂ ಆ ವಿದ್ಯುತ್ತಿಗೂ ಸಂಬಂಧವೇ ಇರುವುದಿಲ್ಲ.

ನನಗೆ ಇಷ್ಟದ ಜಾಗ ಮದುವೆಯಲ್ಲ, ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಯಕ್ಷಗಾನದ ಚೌಕಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸೀಮೆಯವರಿಗೆ ಇದು ಸಹಜವೇ. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡುವುದಕ್ಕೆ ಗಂಟೆಗಳು ಹಿಡಿಯುತ್ತವೆ. ಆ ಚುಟ್ಟಿಯ ಒಂದೊಂದು ಮುಳ್ಳಿಗೂ ಎತ್ತರವಿದೆ. ಎದುರಿನ ಫ್ಲ್ಯಾಶ್ ಅದನ್ನೆಲ್ಲ ಒರಸಿ ಬಿಳಿ ಚುಕ್ಕೆ ಮಾಡುತ್ತದೆ, ಕೈಯಲ್ಲಿರುವ ಕನ್ನಡಿಗೆ ಬಡಿದು ಮರಳಿ ಲೆನ್ಸಿಗೂ ಬರುತ್ತದೆ. ಫ್ಲ್ಯಾಶನ್ನು ಪಕ್ಕಕ್ಕೆ, ಕಿವಿಯ ಮಟ್ಟದಲ್ಲಿ ಇಟ್ಟು, ಅರೆ ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಚ್ಚಿ, ಅತಿ ಕಡಿಮೆ ಶಕ್ತಿಯಲ್ಲಿ ಬಿಟ್ಟರೆ ಪ್ರತಿ ಮುಳ್ಳಿನ ನೆರಳೂ ಕೆನ್ನೆಯ ಮೇಲೆ ಬೀಳುತ್ತದೆ. ಕೇಳದೆ ತೆಗೆಯುವುದಿಲ್ಲ, ಚೌಕಿಯ ದೇವರಿಗೆ ಕೈಮುಗಿಯದೆ ಒಳಗೆ ಲೈಟು ಇಡುವುದಿಲ್ಲ. ಆಟ ಶುರುವಾದ ಮೇಲೆ ರಂಗಸ್ಥಳದ ಹತ್ತಿರ ಒಂದೂ ಮಿಂಚಿಲ್ಲ. ಕುಣಿಯುವವರ ಕಣ್ಣಿಗೆ ಅದು ಹಿಂಸೆ, ಭೂತಕೋಲ ಕಟ್ಟುವಲ್ಲಂತೂ ಟ್ರಿಗರ್ ಚೀಲದಿಂದ ಹೊರಗೇ ಬರುವುದಿಲ್ಲ.

ಕಳೆದ ತಿರುಗಾಟದಲ್ಲಿ ಹಿರಿಯ ವೇಷಧಾರಿಯೊಬ್ಬರು ಚುಟ್ಟಿ ಇಡುತ್ತಲೇ ಸ್ಟ್ಯಾಂಡನ್ನು ಓರೆಗಣ್ಣಿನಲ್ಲಿ ನೋಡಿ, “ಅದನ್ನು ಸ್ವಲ್ಪ ಈಚೆ ತನ್ನಿ, ಎಡಕೆನ್ನೆ ನನಗೇ ಕಾಣುವುದಿಲ್ಲ” ಎಂದರು. ಫ್ಲ್ಯಾಶಿನಲ್ಲಿ ಮಿಂಚದೆ ಉರಿಯುತ್ತಲೇ ಇರುವ ಪುಟ್ಟ ದೀಪ, ಮಾಡೆಲಿಂಗ್ ಲ್ಯಾಂಪ್, ಹಚ್ಚಿಕೊಟ್ಟೆ. ಚುಟ್ಟಿ ಮುಗಿಯುವ ತನಕ ಅದನ್ನು ಆರಿಸಲು ಬಿಡಲಿಲ್ಲ. ಆ ರಾತ್ರಿಯ ಬ್ಯಾಟರಿ ಅಲ್ಲಿಗೇ ಖಾಲಿಯಾಯಿತು.