ಬಳುಕಿದ ಡಯಾಟಮ್‌ಗಳ ಗೆರೆ ಕೊನೆಗೂ ಕಂಡಿತು

ಗಂಗೊಳ್ಳಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ 20 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಕಣ್ಣಿನ ಬಲೆ ಎಳೆದು, ಸಿಕ್ಕ ಪ್ಲವಕಗಳನ್ನು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು, ಗುರುತಿಸಲು ಹೊರಟು ಇದು ನಾಲ್ಕನೆಯ ತಿಂಗಳು. ಈ ವಾರ ಪಟ್ಟಿಯ ಒಂದು ಪುಟವನ್ನು ಪೂರ್ತಿ ಹೊಡೆದುಹಾಕಿದೆ. ಎಸ್ ಅಕ್ಷರದಂತೆ ಬಳುಕಿದ ಡಯಾಟಮ್ (ಸಿಲಿಕಾದ ಚಿಪ್ಪಿರುವ ಏಕಕೋಶ ಪಾಚಿ) ಕಂಡಲ್ಲೆಲ್ಲ ‘ಪ್ಲೂರೋಸಿಗ್ಮಾ’ ಎಂದು ಬರೆದುಕೊಂಡಿದ್ದೆ. ಗೈರೋಸಿಗ್ಮಾ ಕೂಡ ಹಾಗೆಯೇ ಬಳುಕಿರುತ್ತದೆ! ಇವೆರಡನ್ನೂ ಬೇರೆ ಮಾಡುವ ಗುರುತು ಚಿಪ್ಪಿನ ಗೆರೆಗಳಲ್ಲಿದೆ. ಗೈರೋಸಿಗ್ಮಾದಲ್ಲಿ ಅವು ಚಾಪೆಯ ಹೆಣಿಗೆಯಂತೆ ಉದ್ದಕ್ಕೂ ಅಡ್ಡಕ್ಕೂ ಹಾಯುತ್ತವೆ. ಪ್ಲೂರೋಸಿಗ್ಮಾದಲ್ಲಿ ಅಡ್ಡಗೆರೆಗಳ ಜೊತೆ ಎರಡು ದಿಕ್ಕಿನ ಓರೆಗೆರೆಗಳಿರುತ್ತವೆ.

ಆ ಗೆರೆಗಳನ್ನು ಕಾಣುವುದೇ ಕಷ್ಟ. ಪ್ಲೂರೋಸಿಗ್ಮಾ ಅಂಗುಲೇಟಮ್‌ನಲ್ಲಿ ಗೆರೆಯಿಂದ ಗೆರೆಗೆ ಅರ್ಧ ಮೈಕ್ರಾನಿನಷ್ಟೇ ಅಂತರ. ಹತ್ತೊಂಬತ್ತನೆಯ ಶತಮಾನದಿಂದಲೂ ಸೂಕ್ಷ್ಮದರ್ಶಕದ ಮಸೂರಗಳನ್ನು ಪರೀಕ್ಷಿಸಲು ಇದನ್ನು ಬಳಸಿದ್ದಾರೆ. ಜೀವಂತ ಕೋಶದಲ್ಲಿ ಕಂದು ಬಣ್ಣದ ಹರಿದ್ರೇಣುಗಳು ಅಡ್ಡ ಬರುತ್ತವೆ. ಅದರ ಮೇಲೆ, ಚಿಪ್ಪಿನ ಸಿಲಿಕಾದ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಸುಮಾರು 1.43, ನೀರಿನದು 1.33. ವ್ಯತ್ಯಾಸ ಇಷ್ಟು ಕಡಿಮೆಯಿದ್ದರೆ ಗೆರೆ ಮಾಸಿದಂತೆಯೇ. ಸ್ಲೈಡಿಗೆ ಬಳಸುವ ಕೆನಡಾ ಬಾಲ್ಸಮ್ ಎಂಬ ಮರದ ಅಂಟನ್ನು (ಸುಮಾರು 1.53) ಹಾಕಿದರೂ ಅಂತರ ಅಷ್ಟೇ ಉಳಿಯುತ್ತದೆ. 1.7ರ ಆಸುಪಾಸಿನ ವಿಶೇಷ ಅಂಟು ನನ್ನ ಬಳಿ ಇಲ್ಲ. ಗಾಳಿಯ ವಕ್ರೀಭವನಾಂಕ 1 ಎಂಬುದು ತಡವಾಗಿ ಹೊಳೆಯಿತು. ಹಾಗಾದರೆ ಚಿಪ್ಪನ್ನು ಒಣಗಿಸಿಯೇ ನೋಡಬಹುದಲ್ಲ!

ಮೊದಲ ಸಲ ಕೆಟ್ಟಿತು. ಉಪ್ಪನ್ನು ಸರಿಯಾಗಿ ತೊಳೆದಿರಲಿಲ್ಲ, ಒಣಗಿದ ಹನಿಯ ತುಂಬ ಹರಳುಗಳೇ. ಎರಡನೆಯ ಸಲ ಬಟ್ಟಿ ಇಳಿಸಿದ ನೀರಿನಲ್ಲಿ ಚೆನ್ನಾಗಿ ತೊಳೆದು, ಕೈಗವಸು ಹಾಕಿಕೊಂಡು ಕಿಟಕಿಯ ಬಳಿ ಹೈಡ್ರೊಜನ್ ಪೆರಾಕ್ಸೈಡ್‌ನಲ್ಲಿ ಹದವಾಗಿ ಬಿಸಿಮಾಡಿದೆ. ಕಂದು ಬಣ್ಣ ಹೋಗಿ ತಳದಲ್ಲಿ ಬಿಳಿಯ ಹುಡಿ ನಿಂತಿತು. ಅದನ್ನು ರಾತ್ರಿಯಿಡೀ ತಂಗಲು ಬಿಟ್ಟು ಮೇಲಿನ ನೀರು ಬಸಿಯುವುದನ್ನು ಐದು ಸಲ ಮಾಡಿದೆ. ಹನಿಯನ್ನು ಸ್ಲೈಡಿನ ಬದಲು ಕವರ್‌ಸ್ಲಿಪ್ಪಿನ (ಮೇಲೆ ಮುಚ್ಚುವ ತೆಳು ಗಾಜು) ಮೇಲೆ ಒಣಗಿಸಿ, ಸ್ಲೈಡಿನ ಮೇಲೆ ಮಗುಚಿ ಇಟ್ಟು, ಅಂಚಿಗೆ ಉಗುರುಬಣ್ಣ ಬಳಿದೆ. ಹೀಗೆ ಮಾಡಿದರೆ ಚಿಪ್ಪು ಕವರ್‌ಸ್ಲಿಪ್ಪಿಗೆ ಅಂಟಿಕೊಂಡು ಮಸೂರಕ್ಕೆ ಹತ್ತಿರವಾಗುತ್ತದೆ.

40 ಪಟ್ಟಿನ ಮಸೂರ, ಬೆಳಕು ಓರೆಯಾಗಿ ಬೀಳಲೆಂದು ಕಂಡೆನ್ಸರಿನ (ಬೆಳಕನ್ನು ಕೂಡಿಸುವ ಕೆಳಮಸೂರ) ಕೆಳಗೆ ಅರ್ಧ ಭಾಗ ಮುಚ್ಚುವ ಕಪ್ಪು ಕಾಗದ, ಜೊತೆಗೆ ನೀಲಿ ಫಿಲ್ಟರ್. ಫೋಕಸನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಓರೆಗೆರೆಗಳು ಎದ್ದು ಬಂದವು. ಕಾಗದವನ್ನು ತಿರುಗಿಸಿದರೆ ಒಂದು ದಿಕ್ಕಿನವು ಅಡಗಿ ಇನ್ನೊಂದು ದಿಕ್ಕಿನವು ಮೂಡುತ್ತವೆ. ಮೂರೂ ದಿಕ್ಕುಗಳನ್ನು ಎಣಿಸಿ ಮುಗಿಸುವವರೆಗೆ ಎದ್ದೇಳಲಿಲ್ಲ. ಅದೇ ಸ್ಲೈಡಿನ ಮೂಲೆಯಲ್ಲಿ ಚಾಪೆಗೆರೆಯ ಗೈರೋಸಿಗ್ಮಾ ಕೂಡ ಇತ್ತು.

ಹಳೆಯ ಮಾದರಿಗಳನ್ನು ಉಳಿಸಿಕೊಂಡಿಲ್ಲ. ಆದ್ದರಿಂದ ಆ ಪುಟದ ನಮೂದುಗಳೆಲ್ಲ ಈಗ ‘ಪ್ಲೂರೋಸಿಗ್ಮಾ ಅಥವಾ ಗೈರೋಸಿಗ್ಮಾ’. ಇನ್ನು ಮುಂದೆ ಪ್ರತಿ ಬಲೆಯಿಂದಲೂ ಒಂದು ಸೀಸೆ ತೆಗೆದಿಡುತ್ತೇನೆ. ಸೂಜಿಯಂತಹ ಸೂಡೋ-ನಿಟ್ಶಿಯಾ ಪ್ರಭೇದಗಳನ್ನು ಬೇರ್ಪಡಿಸಲು ಹೆಚ್ಚಾಗಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಅವನ್ನು ಕುಲದ ಹೆಸರಿನಲ್ಲಿಯೇ ಬರೆದು ನಿಲ್ಲಿಸಿದ್ದೇನೆ.