ಉಪ್ಪುಹಂದಿಯನ್ನು ಬೇಯಿಸುವ ಮೊದಲು ನೆನೆಸಬೇಕೇ?

ಶಾಂಘೈ, ಸುಝೌ, ಹಾಂಗ್‌ಝೌ, ನಿಂಗ್‌ಬೋ ಕಡೆಯ ಮನೆಗಳಲ್ಲಿ ಚಳಿಗಾಲಕ್ಕೆ ಮಾಡಿಡುವ ಮಾಂಸ ಶಿಯೆನ್‌ರೋ. ಹಂದಿಮಾಂಸಕ್ಕೆ ಉಪ್ಪು ತಿಕ್ಕಿ, ಭಾರ ಹೇರಿ, ಆಮೇಲೆ ಗಾಳಿಗೆ ತೂಗುಹಾಕಿ ಒಣಗಿಸಿದ್ದು. ಹೊಗೆ ಹಾಕುವುದಿಲ್ಲ, ಸೋಯಾ ಸಾಸ್ ಸೇರಿಸುವುದಿಲ್ಲ. ಹುನಾನ್, ಸಿಚುವಾನ್ ಕಡೆಯ ಹೊಗೆ ಹಾಕಿದ ಲಾರೋಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಅದೇ. ಇದನ್ನು ಚೀನೀ ಅಂಗಡಿಯಿಂದ ತಂದವರೂ ಮನೆಯಲ್ಲೇ ಮಾಡಿಕೊಂಡವರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಉಪ್ಪು ತೆಗೆಯಲು ಎಷ್ಟು ಹೊತ್ತು ನೆನೆಸಬೇಕು?

ಇದಕ್ಕೆ ಗಂಟೆಗಳಲ್ಲಿ ಉತ್ತರ ಹೇಳುವುದು ತಪ್ಪು. ನೆನೆಸಬೇಕೋ ಬೇಡವೋ ಎಂಬುದು ಪಾತ್ರೆಯಲ್ಲಿ ಮಾಂಸದ ಜೊತೆಗೆ ಇನ್ನೇನು ಬೇಯುತ್ತದೆ ಎಂಬುದರ ಮೇಲೆ ನಿಂತಿದೆ. ಶಿಯೆನ್‌ರೋ ಹಾಕಿದ ಅಡುಗೆಗೆ ಆ ಮಾಂಸವೇ ಉಪ್ಪು. ಆದ್ದರಿಂದ ಲೆಕ್ಕವನ್ನು ಅಲ್ಲಿಂದಲೇ ಹಾಕಬೇಕು.

ಒಂದು ಕಿಲೋ ಮಾಂಸಕ್ಕೆ 50 ಗ್ರಾಂ ಉಪ್ಪು ಹಾಕಿದ್ದೀರಿ ಎನ್ನಿ. ಅದರಲ್ಲಿ ಸ್ವಲ್ಪ ನೀರಿನೊಂದಿಗೆ ಹೊರಗೆ ಹೋಗುತ್ತದೆ, ಮಾಂಸವೂ ಒಣಗಿ ಹಗುರವಾಗುತ್ತದೆ. ಕೊನೆಗೆ 100 ಗ್ರಾಂ ಮಾಂಸದಲ್ಲಿ ಸುಮಾರು 5 ಗ್ರಾಂ ಉಪ್ಪು ಉಳಿಯುತ್ತದೆ. ನಾಲಿಗೆಗೆ ಹಿತವಾಗುವ ಸಾರಿನಲ್ಲಿ, ಅನ್ನದಲ್ಲಿ 100 ಗ್ರಾಂಗೆ ಅರ್ಧದಿಂದ ಮುಕ್ಕಾಲು ಗ್ರಾಂ ಉಪ್ಪು ಇದ್ದರೆ ಸಾಕು. ಎಂದರೆ ಮಾಂಸದ ಏಳೆಂಟು ಪಟ್ಟು ತೂಕದಷ್ಟು ಸಪ್ಪೆ ಪದಾರ್ಥ ಜೊತೆಗಿದ್ದರೆ ನೆನೆಸುವ ಕೆಲಸವೇ ಇಲ್ಲ. ಅದಕ್ಕಿಂತ ಕಡಿಮೆ ಇದ್ದರೆ ನೆನೆಸಬೇಕು. ಅಂಗಡಿಯ ಮಾಂಸ ಸಾಮಾನ್ಯವಾಗಿ ಇದಕ್ಕಿಂತ ಉಪ್ಪಾಗಿರುತ್ತದೆ. ಒಂದು ತೆಳು ಚೂರನ್ನು ಕುದಿಯುವ ನೀರಿನಲ್ಲಿ ಪೂರ್ತಿ ಬೇಯಿಸಿ ತಿಂದು ನೋಡಿದರೆ ಅಂದಾಜು ಸಿಗುತ್ತದೆ. ಹಸಿಯದನ್ನು ಮಾತ್ರ ಬಾಯಿಗೆ ಹಾಕಬೇಡಿ. ಲಾಡಿಹುಳದ ಮರಿಗಳು ಉಪ್ಪಿಗೆ ಸಾಯುತ್ತವೆಂದು ನಂಬಿ ಕೂರುವಂತಿಲ್ಲ, ಬೆಂದರೆ ಮಾತ್ರ ಖಾತ್ರಿ.

ನೆನೆಸಲೇಬಾರದ ಅಡುಗೆ ಎಂದರೆ ಯೆನ್ ದು ಶಿಯೆನ್. ವಸಂತಕಾಲದಲ್ಲಿ ಬಿದಿರಿನ ಎಳೆ ಮೊಳಕೆ ಬಂದಾಗ ಶಾಂಘೈ ಮನೆಗಳಲ್ಲಿ ಮಾಡುವ ಸೂಪ್ ಇದು. ಉಪ್ಪುಮಾಂಸ 250 ಗ್ರಾಂ, ತಾಜಾ ಹೊಟ್ಟೆಭಾಗ ಅಥವಾ ಪಕ್ಕೆಲುಬು 500 ಗ್ರಾಂ, ಸುಲಿದ ಬಿದಿರು ಮೊಳಕೆ 500 ಗ್ರಾಂ, ನೀರು 2 ಲೀಟರ್. ಎರಡೂ ಮಾಂಸವನ್ನು ತಣ್ಣೀರಿನಲ್ಲಿ ಹಾಕಿ ಒಲೆಗಿಡಿ. ಕುದಿ ಬಂದು ಮೂರ್ನಾಲ್ಕು ನಿಮಿಷ ಆದ ಮೇಲೆ ಆ ನೀರು ಚೆಲ್ಲಿ, ಬಿಸಿನೀರಿನಲ್ಲೇ ತೊಳೆಯಿರಿ. ಆಮೇಲೆ ಹೊಸ ನೀರು, ನಾಲ್ಕು ಬಿಲ್ಲೆ ಶುಂಠಿ, ಎರಡು ದೊಡ್ಡ ಚಮಚ ಶಾವ್‌ಶಿಂಗ್ ವೈನ್ (ಅಡುಗೆಗೆ ಬಳಸುವ ಚೀನೀ ಅಕ್ಕಿ ಮದ್ಯ). ಮೊದಲ ಕಾಲು ಗಂಟೆ ಉರಿ ಜೋರಾಗಿರಲಿ. ಕೊಬ್ಬು ಒಡೆದು ನೀರಿನಲ್ಲಿ ಬೆರೆತು ಸೂಪ್ ಹಾಲಿನಂತಾಗುವುದು ಈ ಕೊತಕೊತ ಕುದಿತದಿಂದಲೇ. ಮೊದಲಿನಿಂದಲೂ ಸಣ್ಣ ಉರಿಯಲ್ಲಿಟ್ಟರೆ ತಿಳಿಯಾಗಿಯೇ ಉಳಿಯುತ್ತದೆ. ನಂತರ ಉರಿ ತಗ್ಗಿಸಿ ಒಂದು ಗಂಟೆ ಬೇಯಿಸಿ. ಉಪ್ಪುಮಾಂಸವನ್ನು ಇಡಿಯಾಗಿಯೇ ಹಾಕಿ, ಮುಕ್ಕಾಲು ಗಂಟೆಗೆ ಹೊರತೆಗೆದು ಹೆಚ್ಚಿ ಮತ್ತೆ ಹಾಕಿದರೆ ಚೂರುಗಳು ಒಡೆಯುವುದಿಲ್ಲ. ಕುದಿಸಿ ನೀರು ಚೆಲ್ಲಿದ ಬಿದಿರು ಮೊಳಕೆಯನ್ನು ಸೇರಿಸಿ ಅರ್ಧ ಗಂಟೆ, ಕೊನೆಯ ಕಾಲು ಗಂಟೆಗೆ ಗಂಟುಕಟ್ಟಿದ ತೋಫು ಹಾಳೆ.

ಇಳಿಸುವ ಹೊತ್ತಿಗೆ ಪಾತ್ರೆಯಲ್ಲಿ ಎಲ್ಲ ಸೇರಿ ಎರಡೂಮುಕ್ಕಾಲು ಕಿಲೋ ಉಳಿದಿರುತ್ತದೆ, ಅದಕ್ಕೆ ಬಂದಿರುವ ಉಪ್ಪು 12 ಗ್ರಾಂ. ಮಾಂಸವನ್ನು ರಾತ್ರಿಯಿಡೀ ನೆನೆಸಿದ್ದರೆ ಸೂಪ್ ಸಪ್ಪೆಯಾಗುತ್ತಿತ್ತು. ಹಾಗೆ ಸಪ್ಪೆಯಾದದ್ದಕ್ಕೆ ಪುಡಿ ಉಪ್ಪು ಸುರಿದರೆ ಉಪ್ಪು ಬರುತ್ತದೆ, ಆದರೆ ಉಪ್ಪಿನಲ್ಲಿ ಕಳೆದ ವಾರಗಳಲ್ಲಿ ಮಾಂಸದ ಪ್ರೋಟೀನು ಒಡೆದು ಬಂದ ಆ ಗಾಢ ರುಚಿ ಬರುವುದಿಲ್ಲ. ಅದು ನೆನೆಸಿದ ನೀರಿನ ಜೊತೆ ಹೋಗಿರುತ್ತದೆ. ಕೊನೆಯಲ್ಲಿ ರುಚಿ ನೋಡಿ ಚಿಟಿಕೆ ಉಪ್ಪು ಬೇಕೆನಿಸಿದರೆ ಹಾಕಿ, ಮೊದಲೇ ಬೇಡ.

ನಮ್ಮ ಮಲೆನಾಡು, ಕೊಡಗಿನ ಕಳಲೆಯಲ್ಲೂ ಇದನ್ನು ಮಾಡಬಹುದು. ಆದರೆ ಕಳಲೆಯನ್ನು ನಾವು ಮಾಡುವಂತೆಯೇ ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ಕುದಿಸಿ ಆ ನೀರನ್ನೂ ಚೆಲ್ಲಲೇಬೇಕು. ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ಅಂಶವಿದೆ. ಇಲ್ಲಿ ನೆನೆಸುವುದು ಮಾಂಸವನ್ನಲ್ಲ, ಕಳಲೆಯನ್ನು.

ಸೊಪ್ಪಿನ ಅನ್ನಕ್ಕೂ ನೆನೆಸುವುದು ಬೇಡ. 300 ಗ್ರಾಂ ಅಕ್ಕಿಗೆ 120 ಗ್ರಾಂ ಉಪ್ಪುಮಾಂಸ, 250 ಗ್ರಾಂ ಪಾಕ್ ಚೊಯ್. ಮಾಂಸವನ್ನು ಕಡಲೆಕಾಳಿಗಿಂತ ತುಸು ದೊಡ್ಡದಾಗಿ ಹೆಚ್ಚಿ, ಒಂದು ಚಮಚ ಹಂದಿ ಕೊಬ್ಬಿನಲ್ಲಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಹುರಿದರೆ ನೆಣ ಕರಗಿ ಪಾರದರ್ಶಕವಾಗುತ್ತದೆ. ಸೊಪ್ಪಿನ ದಂಟು ಹಾಕಿ ಬಾಡಿಸಿ, ತೊಳೆದು ಬಸಿದ ಅಕ್ಕಿ ಹಾಕಿ ಎರಡು ನಿಮಿಷ ಕೈಯಾಡಿಸಿ, ನೀರು ಸೇರಿಸಿ. ಶಾಂಘೈಯವರ ಗುಂಡು ಅಕ್ಕಿಗೆ 330 ಮಿಲಿ ಸಾಕು, ಸೋನಾ ಮಸೂರಿಗೆ 450 ಮಿಲಿ ಬೇಕು. ಸೊಪ್ಪು ನೀರು ಬಿಡುತ್ತದೆ ಎಂಬುದನ್ನು ಮರೆತು ಎಂದಿನಷ್ಟೇ ನೀರಿಟ್ಟವರ ಅನ್ನ ಮುದ್ದೆಯಾಗುತ್ತದೆ. ನೀರು ಇಂಗುವ ಹೊತ್ತಿಗೆ ಎಲೆಗಳನ್ನು ಮೇಲೆ ಹರಡಿ ಮುಚ್ಚಿ. ಹಳೆಯ ಪದ್ಧತಿಯಲ್ಲಿ ಎಲೆಯನ್ನೂ ಮೊದಲೇ ಹಾಕುತ್ತಾರೆ. ಬಣ್ಣ ಹಳದಿಗೆ ತಿರುಗಿದರೂ ಅನ್ನಕ್ಕೆ ಸೊಪ್ಪಿನ ರುಚಿ ಚೆನ್ನಾಗಿ ಹಿಡಿಯುತ್ತದೆ, ನನಗೆ ಅದೇ ಹೆಚ್ಚು ಸರಿ ಅನ್ನಿಸುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಮಾಡಿ. ತಳ ಹಿಡಿದ ಗರಿಗರಿ ಪದರಕ್ಕೆ ಮನೆಯಲ್ಲಿ ಪೈಪೋಟಿ ಇರುತ್ತದೆ.

ಬೇಸಿಗೆಗೆ ಬೂದುಗುಂಬಳದ ಸೂಪ್ ಇದೆ, ನಮ್ಮ ಬೂದುಗುಂಬಳವೇ ಅದು. ತೆಳ್ಳಗೆ ಹೆಚ್ಚಿದ 120 ಗ್ರಾಂ ಮಾಂಸವನ್ನು 700 ಮಿಲಿ ನೀರಿನಲ್ಲಿ ಕಾಲು ಗಂಟೆ ಬೇಯಿಸಿ, ಅರ್ಧ ಕಿಲೋ ಹೋಳು ಹಾಕಿ ಹತ್ತು ನಿಮಿಷ. ನೆನೆಸುವುದು ಬೇಡ.

ಇನ್ನು ನೆನೆಸಲೇಬೇಕಾದದ್ದು ಹಬೆಯ ಅಡುಗೆ. 200 ಗ್ರಾಂ ತೋಫು ಹಾಳೆಯ ಮೇಲೆ 150 ಗ್ರಾಂ ಮಾಂಸದ ಬಿಲ್ಲೆ ಜೋಡಿಸಿ 25 ನಿಮಿಷ ಹಬೆಯಲ್ಲಿ ಬೇಯಿಸುತ್ತಾರೆ. 350 ಗ್ರಾಂ ಪದಾರ್ಥಕ್ಕೆ ಏಳೂವರೆ ಗ್ರಾಂ ಉಪ್ಪು! ಬಾಯಿಗಿಡಲಾಗುವುದಿಲ್ಲ. ಮೂರು ಮಿಲಿಮೀಟರ್ ಬಿಲ್ಲೆಗಳಾಗಿ ಹೆಚ್ಚಿ, ಧಾರಾಳ ನೀರಿನಲ್ಲಿ ಒಂದು ಗಂಟೆ ಇಡಿ, ನಡುವೆ ಒಮ್ಮೆ ನೀರು ಬದಲಿಸಿ. ಎರಡು ಸೆಂಟಿಮೀಟರ್ ದಪ್ಪದ ತುಂಡಾದರೆ ಫ್ರಿಜ್‌ನಲ್ಲಿ ಒಂದು ರಾತ್ರಿ ಬೇಕು. ತೆಳು ಉಪ್ಪುನೀರಿನಲ್ಲಿ ನೆನೆಸಿದರೆ ಉಪ್ಪು ಬೇಗ ಬಿಡುತ್ತದೆ ಎಂದು ಚೀನೀ ಮನೆಗಳಲ್ಲಿ ಹೇಳುತ್ತಾರೆ. ನಿಜದಲ್ಲಿ ಬೇಗ ಬಿಡುವುದು ಸಪ್ಪೆ ನೀರಿನಲ್ಲೇ. ಉಪ್ಪುನೀರಿನ ಪ್ರಯೋಜನ ಬೇರೆ: ಮಾಂಸದ ಹೊರಮೈ ಪೂರ್ತಿ ಸಪ್ಪೆಯಾಗುವುದಿಲ್ಲ. ದಪ್ಪ ತುಂಡಿಗೆ ಅದು ಒಳ್ಳೆಯದು.

ಮನೆಯಲ್ಲಿ ಮಾಡುವವರಿಗೆ. ಅಲ್ಲಿಯವರು ಡಿಸೆಂಬರ್ 7ರ ಆಸುಪಾಸು ಶುರುವಾಗುವ ದಾಶುಯೆ ಎಂಬ ಕಾಲಘಟ್ಟದಲ್ಲಿ ಮಾಂಸಕ್ಕೆ ಉಪ್ಪು ಹಾಕುವುದು 10 ಡಿಗ್ರಿಗಿಂತ ತಣ್ಣಗಿನ ಒಣ ಗಾಳಿಗಾಗಿ. ಬೆಂಗಳೂರಿನ ಡಿಸೆಂಬರ್ ರಾತ್ರಿಯೇ 15ರ ಆಸುಪಾಸು ಇರುತ್ತದೆ, ಮಂಗಳೂರಿನ ಮಾತೇ ಬೇಡ. ಇಲ್ಲಿ ಬಾಲ್ಕನಿಯಲ್ಲಿ ತೂಗುಹಾಕುವ ಸಾಹಸ ಬೇಡವೇ ಬೇಡ, 2ರಿಂದ 4 ಡಿಗ್ರಿಯ ಫ್ರಿಜ್ ಒಂದೇ ದಾರಿ.

ಚರ್ಮ ಸಹಿತ, ಎಲುಬಿಲ್ಲದ ಹೊಟ್ಟೆಭಾಗ ಒಂದು ಕಿಲೋ, ನಾಲ್ಕೈದು ಸೆಂಟಿಮೀಟರ್ ಅಗಲದ ಪಟ್ಟಿಗಳು. ತೊಳೆಯಬೇಡಿ. ತೇವ ಉಳಿದರೆ ಕೆಡುವುದು ಅಲ್ಲಿಂದಲೇ. ಒರೆಸಿ, ಒಂದು ಚಮಚ ಗಟ್ಟಿ ಮದ್ಯ ಸವರಿ. 50 ಗ್ರಾಂ ಕಲ್ಲುಪ್ಪನ್ನು 5 ಗ್ರಾಂ ಸಿಚುವಾನ್ ಮೆಣಸಿನ ಜೊತೆ ಸಣ್ಣ ಉರಿಯಲ್ಲಿ, ಉಪ್ಪು ನಸುಹಳದಿ ಆಗುವವರೆಗೆ ಹುರಿಯಿರಿ. ಆ ಮೆಣಸು ಸಿಗದಿದ್ದರೆ ಕರಾವಳಿಯ ತೆಪ್ಪಲ್, ಎಂದರೆ ಜುಮ್ಮನಕಾಯಿ, ಅದೇ ಜಾತಿಯದು. ಬೀಜ ತೆಗೆದು ಹಾಕಿ. ಉಪ್ಪು ಪೂರ್ತಿ ಆರಿದ ಮೇಲೆ ತಿಕ್ಕಿ, ಚರ್ಮಕ್ಕಿಂತ ಕೆಂಪು ಮಾಂಸದ ಕಡೆಗೆ ಹೆಚ್ಚು. ಉಪ್ಪನ್ನು ಚಮಚದಲ್ಲಿ ಅಳೆಯಬೇಡಿ, ತೂಗಿ. ಕಲ್ಲುಪ್ಪಿನ ಚಮಚಕ್ಕೂ ಪುಡಿ ಉಪ್ಪಿನ ಚಮಚಕ್ಕೂ ತೂಕದಲ್ಲಿ ಬಹಳ ಅಂತರ. ಡಬ್ಬದಲ್ಲಿ ಜೋಡಿಸಿ ಮೇಲೆ ಭಾರವಿಟ್ಟು 7 ದಿನ, ದಿನಾ ಮಗುಚಿ. ಬಿಟ್ಟ ನೀರು ಅಲ್ಲೇ ಇರಲಿ, ಉಪ್ಪು ಎಲ್ಲ ಕಡೆ ಸಮನಾಗಿ ಹಿಡಿಯುವುದು ಅದರಿಂದ. ಆಮೇಲೆ ಒರೆಸಿ, ಜಾಲರಿಯ ಮೇಲೆ ತೆರೆದಿಟ್ಟು ಇನ್ನೊಂದು ವಾರ ಹತ್ತು ದಿನ. ಮೊದಲಿನ ತೂಕ ಐದನೇ ಒಂದು ಭಾಗ ಇಳಿದರೆ ಹದವಾಯಿತು.

ಎಲುಬಿರುವ ತುಂಡಾದರೆ ಕೆಡುವುದು ಎಲುಬಿನ ಬುಡದಲ್ಲಿ ಶುರು, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಓಲೆಕಡ್ಡಿ ಚುಚ್ಚಿ ತೆಗೆದು ಮೂಸಿ ನೋಡಿ. ಹುಳಿ ವಾಸನೆ ಬಂದರೆ, ಮೈ ಲೋಳೆಯಾಗಿದ್ದರೆ, ಹಸಿರು ಅಥವಾ ಕಪ್ಪು ಬೂಷ್ಟು ಬಂದಿದ್ದರೆ ಪೂರ್ತಿ ಎಸೆಯಿರಿ, ಕತ್ತರಿಸಿ ಉಳಿಸಿಕೊಳ್ಳಲು ಹೋಗಬೇಡಿ. ಬೇಯಿಸಿದಾಗ ಬಣ್ಣ ಬೂದಿಗೆ ತಿರುಗಿದರೆ ಗಾಬರಿ ಬೇಡ. ನೈಟ್ರೈಟ್ ಹಾಕದ ಮಾಂಸದ ಬಣ್ಣವೇ ಅದು, ಅಂಗಡಿಯದು ಗುಲಾಬಿಯಾಗಿ ಉಳಿಯುವುದು ಆ ಲವಣದಿಂದ.

ಹದವಾದದ್ದನ್ನು ಗಾಳಿ ಹೋಗದಂತೆ ಸುತ್ತಿ ಫ್ರಿಜ್‌ನಲ್ಲಿ ಒಂದು ತಿಂಗಳು, ಫ್ರೀಜರ್‌ನಲ್ಲಿ ಮೂರು ತಿಂಗಳು ಇಡಬಹುದು. ಉಪ್ಪಿದ್ದರೆ ನೆಣ ಬೇಗ ಕಮಟುತ್ತದೆ, ಫ್ರೀಜರ್ ಅದನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ನೆಣ ಹಳದಿಯಾಗಿ ಹಳೆ ಎಣ್ಣೆಯ ವಾಸನೆ ಬಂದಿದ್ದರೆ ಹಳದಿಯಾದ ಭಾಗವನ್ನಷ್ಟೇ ಹೆರೆದು ತೆಗೆಯಿರಿ. ವಾಸನೆ ಒಳಗೂ ಇಳಿದಿದ್ದರೆ ಎಷ್ಟು ನೆನೆಸಿದರೂ ಹೋಗುವುದಿಲ್ಲ.